ಮನೋರೋಗಿಯ ಹೃದಯಕ್ಕೂ ಲೆಕ್ಕ ಬೇಕು

ತೀವ್ರ ಮನೋವ್ಯಾಧಿಗೆ ತುತ್ತಾದವರ ಆಯುಸ್ಸು ಇತರರದಕ್ಕಿಂತ ಹತ್ತರಿಂದ ಇಪ್ಪತ್ತು ವರ್ಷ ಕಡಮೆಯೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ಆತ್ಮಹತ್ಯೆಯೇ ಇದಕ್ಕೆ ಮುಖ್ಯ ಕಾರಣವೆಂದು ಹಲವರು ಭಾವಿಸುವುದುಂಟು. ವಾಸ್ತವವಾಗಿ ಈ ಅಕಾಲ ಮರಣಗಳಲ್ಲಿ ಬಹುಭಾಗಕ್ಕೆ ಶಾರೀರಿಕ ರೋಗಗಳೇ ಕಾರಣ. ಅವುಗಳಲ್ಲಿ ಹೃದ್ರೋಗದ ಪಾಲು ದೊಡ್ಡದು. ಹಾಗಾದರೆ ಈ ಅಪಾಯವನ್ನು ಮೊದಲೇ ಅರಿಯಲು ಸಾಧ್ಯವಿಲ್ಲವೆ?

ಹೃದ್ರೋಗದ ಮುನ್ಸೂಚನೆ ಹೊಸ ವಿದ್ಯೆಯೇನಲ್ಲ. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಆರಂಭವಾದ ಸಂಶೋಧನೆ 5,209 ನಿವಾಸಿಗಳನ್ನು ದೀರ್ಘಕಾಲ ಪರೀಕ್ಷಿಸಿತು. ವಯಸ್ಸು, ರಕ್ತದ ಒತ್ತಡ, ಕೊಲೆಸ್ಟರಾಲ್, ಧೂಮಪಾನ ಮುಂತಾದುವನ್ನು ಕೂಡಿಸಿ, ಮುಂದಿನ ಹತ್ತು ವರ್ಷಗಳಲ್ಲಿ ಹೃದ್ರೋಗ ತಲೆದೋರುವ ಸಂಭವವನ್ನು ಎಣಿಸುವ ಸೂತ್ರಗಳು ಅದರಿಂದ ಹುಟ್ಟಿದುವು. ಆದರೆ ಯಾವ ಜನರನ್ನು ಅಳೆದು ಸೂತ್ರವನ್ನು ರಚಿಸಿತೋ ಅಂಥವರಿಗೇ ಅದು ಚೆನ್ನಾಗಿ ಹೊಂದುತ್ತದೆ.

ಮನೋರೋಗಿಗಳ ಸ್ಥಿತಿಯಾದರೋ ಬೇರೆ. ಅವರಲ್ಲಿ ಧೂಮಪಾನ ಹೆಚ್ಚು. ಕ್ಲೋಜಪಿನ್, ಒಲಾಂಜಪಿನ್ ಮೊದಲಾದ ಔಷಧಗಳು ಭ್ರಾಂತಿಯನ್ನು ತಗ್ಗಿಸುತ್ತವೆ. ಜೊತೆಗೆ ಹಸಿವನ್ನೂ ತೂಕವನ್ನೂ ಹೆಚ್ಚಿಸಿ ಮಧುಮೇಹಕ್ಕೆ ದಾರಿಮಾಡಬಲ್ಲವು. ಈ ವ್ಯಾಧಿಗಳು ಸಾಮಾನ್ಯವಾಗಿ ಯೌವನದಲ್ಲಿಯೇ ತೊಡಗುತ್ತವೆ. ಸೂತ್ರಗಳಲ್ಲಿ ವಯಸ್ಸಿಗೆ ಹೆಚ್ಚಿನ ಬೆಲೆಯಿರುವುದರಿಂದ ತರುಣ ರೋಗಿಯ ಅಪಾಯ ಅಲ್ಪವೆಂದೇ ತೋರುತ್ತದೆ.

ಬ್ರಿಟನ್ನಿನ ಸಂಶೋಧಕರು ಈ ಕೊರತೆಯನ್ನು ಮನಗಂಡು, 38,824 ಮಂದಿ ಮನೋರೋಗಿಗಳ ವೈದ್ಯಕೀಯ ದಾಖಲೆಗಳನ್ನು ಆಧರಿಸಿ ‘ಪ್ರಿಮ್‌ರೋಸ್’ ಎಂಬ ಸೂತ್ರಗಳನ್ನು 2015ರಲ್ಲಿ ಪ್ರಕಟಿಸಿದರು. ರೋಗದ ಬಗೆ, ಮನೋರೋಗದ ಔಷಧಗಳು, ಅತಿಯಾದ ಮದ್ಯಪಾನ, ಬಡತನ ಇವೂ ಅದರ ಲೆಕ್ಕದಲ್ಲಿ ಸೇರಿದುವು. ಹಳೆಯ ಸೂತ್ರಗಳಿಗಿಂತ ಇದು ರೋಗಿಗಳಿಗೆ ಚೆನ್ನಾಗಿ ಹೊಂದಿತು. 2017ರಲ್ಲಿ ಅಲ್ಲಿಯ ಸಾರ್ವಜನಿಕ ಬಳಕೆಯ ‘ಕ್ಯುರಿಸ್ಕ್-3’ ಸೂತ್ರವೂ ತೀವ್ರ ಮನೋವ್ಯಾಧಿಗೆ ಸ್ಥಾನ ಕೊಟ್ಟಿತು.

ನಮ್ಮ ದೇಶವನ್ನೊಳಗೊಂಡ ದಕ್ಷಿಣ ಏಷ್ಯಕ್ಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಿದ್ಧಪಡಿಸಿದ ಪಟ್ಟಿಯಲ್ಲಿ ವಯಸ್ಸು, ಲಿಂಗ, ಧೂಮಪಾನ, ರಕ್ತದ ಒತ್ತಡ, ಮಧುಮೇಹ, ಕೊಲೆಸ್ಟರಾಲ್ ಇವೆ; ಮನೋವ್ಯಾಧಿ ಇಲ್ಲ. ಬ್ರಿಟನ್ನಿನ ಸೂತ್ರವನ್ನು ಹಾಗೆಯೇ ಎರವಲು ತರುವುದೂ ಸರಿಯಲ್ಲ. ನಮ್ಮ ರೋಗಿಗಳನ್ನು ನಾವೇ ಪರೀಕ್ಷಿಸಿ ನಮ್ಮದೇ ಲೆಕ್ಕವನ್ನು ರಚಿಸಿಕೊಳ್ಳಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಹೃದ್ರೋಗದ ಭಯದಿಂದ ಔಷಧವನ್ನು ತಾನಾಗಿ ಬಿಟ್ಟುಬಿಡುವುದು ಇನ್ನೂ ಅಪಾಯಕರ. ಔಷಧವನ್ನು ಆರಂಭಿಸಿದ ದಿನದಿಂದಲೇ ತೂಕ, ರಕ್ತದ ಒತ್ತಡ, ರಕ್ತದ ಸಕ್ಕರೆ, ಕೊಬ್ಬು ಇವನ್ನು ಕ್ರಮವಾಗಿ ಪರೀಕ್ಷಿಸುತ್ತಿರಬೇಕು. ರೋಗಿ ಎದೆನೋವೆಂದರೆ ಅದನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕಬಾರದು. ನಾಳೆ ವೈದ್ಯರಾಗಲಿರುವ ವಿದ್ಯಾರ್ಥಿಗಳು ಈ ಮಾತನ್ನು ಇಂದೇ ನೆನಪಿನಲ್ಲಿಟ್ಟುಕೊಳ್ಳುವುದು ಲೇಸು.