ಗಡಿಯ ಗೆರೆಯೂ ನೆಲದ ಬಾಳೂ

ನೆರೆಯ ಎರಡು ರಾಜ್ಯಗಳ ನಡುವೆ ಗಡಿಯ ವ್ಯಾಜ್ಯ ಹುಟ್ಟಿದಾಗ ಮೊದಲು ಕೇಳಿಬರುವ ಪ್ರಶ್ನೆ ‘ಈ ನೆಲ ಯಾರದು?’ ಎಂಬುದು. ‘ಈ ನೆಲದಲ್ಲಿ ಬಾಳುವವರ ಗತಿಯೇನು?’ ಎಂಬ ಪ್ರಶ್ನೆ ಬಹು ತಡವಾಗಿ ಏಳುತ್ತದೆ. ಎಷ್ಟೋ ಸಲ ಏಳುವುದೇ ಇಲ್ಲ. ಇದರ ಪರಿಣಾಮವನ್ನರಿಯಲು ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯವರು ಪರದೇಶಗಳ ಚರಿತ್ರೆಯನ್ನು ಅರಸಬೇಕಾಗಿಲ್ಲ.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ತರುವಾಯ ಬಿಜಾಪುರದ ಆದಿಲಶಾಹಿಗಳೂ ಎರಡು ಶತಮಾನ ಕಾದಾಡಿದರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕೋಟೆ ಕೈಯಿಂದ ಕೈಗೆ ದಾಟಿತು. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದನು. 1565ರಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ವಿಜಯನಗರ ಸೋತಿತು. 1686ರಲ್ಲಿ ಬಿಜಾಪುರವೂ ಔರಂಗಜೇಬನ ವಶವಾಯಿತು. ಗೆದ್ದವರೂ ಅಳಿದರು, ಸೋತವರೂ ಅಳಿದರು; ಉಳಿದವನು ಎರೆಹೊಲದಲ್ಲಿ ಜೋಳ ಬಿತ್ತುವ ಒಕ್ಕಲುಮಗನೊಬ್ಬನೇ.

ಇದು ಅರಸರ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. 1947ರಲ್ಲಿ ಬಂಗಾಳವನ್ನು ಸೀಳಿದ ಗೆರೆಯನ್ನು ರಾಡ್‌ಕ್ಲಿಫ್ ಆಯೋಗವು ಕೆಲವೇ ವಾರಗಳಲ್ಲಿ ಎಳೆಯಿತು. ಆ ಗೆರೆಯಾಚೆ ಬಾಳಲಾರದೆ ಪೂರ್ವ ಪಾಕಿಸ್ತಾನದಿಂದ ಬಂದ ಕುಟುಂಬಗಳಿಗೆ ಸಿಂಧನೂರಿನ ಬಳಿ ಪುನರ್ವಸತಿ ಕ್ಯಾಂಪುಗಳಾದವು. ಅಲ್ಲಿನ ಕೆಲವರಿಗೆ ಭಾರತದ ಪೌರತ್ವ ದೊರೆತುದು 2024ರಲ್ಲಿ! ಗೆರೆ ಎಳೆಯಲು ವಾರಗಳು ಸಾಕು; ಗಾಯ ಮಾಯಲು ತಲೆಮಾರುಗಳೇ ಬೇಕು.

ಆದರೆ ವಿವೇಕದ ದಾರಿಯನ್ನು ತೋರಿದುದೂ ಅದೇ ಗಡಿ. ಒಂದು ದೇಶದ ಊರು ಇನ್ನೊಂದು ದೇಶದ ಒಡಲಲ್ಲಿ ಸಿಲುಕಿದಂತಿದ್ದ 162 ನೆಲದ ತುಣುಕುಗಳನ್ನು ಭಾರತವೂ ಬಾಂಗ್ಲಾದೇಶವೂ 2015ರ ಜುಲೈ 31ರ ನಡುರಾತ್ರಿ ವಿನಿಮಯ ಮಾಡಿಕೊಂಡವು. ಭಾರತವು 111ನ್ನು ಬಿಟ್ಟುಕೊಟ್ಟು 51ನ್ನು ಪಡೆಯಿತು. ಯಾವ ದೇಶದ ಪ್ರಜೆಗಳಾಗಬೇಕೆಂಬ ಆಯ್ಕೆ ಅಲ್ಲಿನ ನಿವಾಸಿಗಳದೇ ಆಯಿತು. ಅದಕ್ಕೂ ಮೊದಲು, 2014ರಲ್ಲಿ, ಬಂಗಾಳ ಕೊಲ್ಲಿಯ ವಿವಾದಿತ 25,602 ಚದರ ಕಿಲೋಮೀಟರ್ ಕಡಲಿನಲ್ಲಿ 19,467ನ್ನು ಅಂತರರಾಷ್ಟ್ರೀಯ ನ್ಯಾಯಮಂಡಳಿಯು ಬಾಂಗ್ಲಾದೇಶಕ್ಕೆ ಕೊಟ್ಟಿತು. ಹಿರಿಯ ರಾಷ್ಟ್ರವಾದ ಭಾರತ ಆ ತೀರ್ಪಿಗೆ ತಲೆಬಾಗಿತು.

ಇದನ್ನು ದೌರ್ಬಲ್ಯವೆನ್ನುವವರುಂಟು. ಬಲಾತ್ಕಾರದಿಂದ ನುಗ್ಗಿದವನನ್ನು ಎದುರಿಸಲೇಬೇಕು; ಅದರಲ್ಲಿ ಎರಡು ಮಾತಿಲ್ಲ. ಆದರೆ ನ್ಯಾಯಸಮ್ಮತವಾಗಿ ತೀರಿದ ವ್ಯಾಜ್ಯದಲ್ಲಿ ಕಳೆದುಕೊಂಡ ನೆಲಕ್ಕಿಂತ ಗಳಿಸಿದ ನೆರೆಯೇ ದೊಡ್ಡದು. ಬಲ್ಲಿದನು ಬಡವನೊಡನೆ ಸಮನಾಗಿ ನಿಂತು ನ್ಯಾಯ ಕೇಳುವುದು ಹಿರಿಮೆಯಲ್ಲದೆ ಹೀನತೆಯಲ್ಲ.

1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನವು ಅಶೋಕನ ಹೆಸರನ್ನು ಹೊತ್ತಿರುವುದಕ್ಕಾಗಿ ಲೋಕಪ್ರಸಿದ್ಧವಾಗಿದೆ. ಧರ್ಮದ ಫಲವು ಹಿರಿಯರಿಗಷ್ಟೇ ಅಲ್ಲ, ಕಿರಿಯರಿಗೂ ದಕ್ಕತಕ್ಕುದೆಂಬುದು ಅದರ ತಿರುಳು. ವ್ಯಕ್ತಿಗಳಿಗೆ ಸಂದ ಆ ಮಾತು ರಾಷ್ಟ್ರಗಳಿಗೂ ಸಲ್ಲಬೇಕು. ಅಧ್ಯಾಪಕರು ಭೂಪಟದ ಮೇಲೆ ಗಡಿಯ ಗೆರೆಯನ್ನು ತೋರಿಸುವಾಗ, ಅದರ ಎರಡೂ ಬದಿಗೆ ಒಲೆ ಹೊತ್ತಿಸುವ ಮನೆಗಳಿವೆಯೆಂಬುದನ್ನೂ ಮಕ್ಕಳಿಗೆ ತಿಳಿಸಲಿ. ದೇಶಾಭಿಮಾನಕ್ಕೆ ಅದರಿಂದ ಕುಂದಿಲ್ಲ, ಕಳೆಯೇ ಏರುತ್ತದೆ.