ಮಣ್ಣಾಗುವ ಚೀಲಕ್ಕೆ ಚಳ್ಳಕೆರೆಯ ಮಣ್ಣು ಸಾಕೇ?

ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾದದ್ದು 2016ರ ಮಾರ್ಚ್‌ನಲ್ಲಿ. 2022ರ ಕೊನೆಯಲ್ಲಿ ಕೇಂದ್ರ ಸರ್ಕಾರ 120 ಮೈಕ್ರಾನ್‌ಗಿಂತ ತೆಳುವಾದ ಕೈಚೀಲಗಳನ್ನೂ ತಡೆಯಿತು. ಆದರೆ ಪ್ರಮಾಣಪತ್ರ ಪಡೆದ, ಗೊಬ್ಬರವಾಗುವ ಚೀಲಗಳಿಗೆ ಈ ದಪ್ಪದ ನಿಯಮವಿಲ್ಲ. ಹಾಗಾಗಿ ಚಳ್ಳಕೆರೆಯ ಕಿರಾಣಿ ಅಂಗಡಿಗೂ ಮೊಳಕಾಲ್ಮುರಿನ ರೇಷ್ಮೆ ಸೀರೆ ಅಂಗಡಿಗೂ ಅವೇ ಸುಲಭದ ಪರಿಹಾರವಾಗಿ ಕಾಣುತ್ತವೆ. ಈ ಎರಡು ತಾಲ್ಲೂಕುಗಳಿಗೆ ಆ ಪರಿಹಾರ ಹೊಂದುವುದಿಲ್ಲ ಎಂಬುದು ನನ್ನ ವಾದ.

ಇಂಥ ಚೀಲಗಳಲ್ಲಿ ಹೆಚ್ಚಾಗಿ ಇರುವುದು ಪಿಎಲ್‌ಎ ಮತ್ತು ಪಿಬಿಎಟಿ ಎಂಬ ಎರಡು ಬಗೆಯ ಪ್ಲಾಸ್ಟಿಕ್. ಪಿಎಲ್‌ಎ ಮೆಕ್ಕೆಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯಿಂದ ಬರುತ್ತದೆ. ಪಿಬಿಎಟಿ ಬಹುಪಾಲು ಪೆಟ್ರೋಲಿಯಂ ಮೂಲದ್ದು. ಪಿಎಲ್‌ಎ ಬೇಗ ಕೊಳೆಯಬೇಕಾದರೆ ಸುಮಾರು 60 ಡಿಗ್ರಿ ಶಾಖವನ್ನೂ ತೇವವನ್ನೂ ವಾರಗಟ್ಟಲೆ ಕಾಯ್ದುಕೊಳ್ಳುವ ಗೊಬ್ಬರದ ಘಟಕ ಬೇಕು. ನಮ್ಮ ಬಿಸಿಲೇ ಸಾಲದೇ ಎಂದು ಕೇಳಬಹುದು. ಸಾಲದು. ಕೊಳೆಸುವ ಸೂಕ್ಷ್ಮಜೀವಿಗೆ ನೀರು ಬೇಕು; ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿನಲ್ಲಿವೆ. ಇಲ್ಲಿನ ಒಣ ತಿಪ್ಪೆಗೆ ಬಿದ್ದ ಪಿಎಲ್‌ಎ ಬಹುಕಾಲ ಹಾಗೆಯೇ ಉಳಿಯುತ್ತದೆ. ಹೋಗಲಿ, ಗುಜರಿಗೆ ಹಾಕೋಣವೆಂದರೆ ಅಲ್ಲಿ ಇನ್ನೊಂದು ತೊಡಕು. ನೀರಿನ ಬಾಟಲಿಯ ಪೆಟ್ ಮತ್ತು ಪಿಎಲ್‌ಎ ಎರಡೂ ನೀರಲ್ಲಿ ಮುಳುಗುತ್ತವೆ, ತೇಲಿಸಿ ಬೇರ್ಪಡಿಸಲಾಗದು. ಪೆಟ್ ಕರಗಲು ಸುಮಾರು 250 ಡಿಗ್ರಿ ಬೇಕು, ಪಿಎಲ್‌ಎ 170ರ ಹೊತ್ತಿಗೇ ಕರಗುತ್ತದೆ. ಅದು ಬೆರೆತ ಪೆಟ್ ಹಳದಿಗಟ್ಟಿ ಬೆಲೆ ಕಳೆದುಕೊಳ್ಳುತ್ತದೆ. ಪಿಎಲ್‌ಎಯನ್ನೇ ಮರುಬಳಕೆಗೆ ತರಬಹುದು ನಿಜ, ಆದರೆ ಪ್ರತ್ಯೇಕವಾಗಿ, ಲೋಡುಗಟ್ಟಲೆ ಕೂಡಿದಾಗ ಮಾತ್ರ.

ಇನ್ನು ಬೆಲೆ. ಪಿಎಲ್‌ಎಯ ದೊಡ್ಡ ಕಾರ್ಖಾನೆಗಳು ಅಮೆರಿಕ, ಥಾಯ್ಲೆಂಡ್, ಚೀನಾಗಳಲ್ಲಿವೆ. ಪಿಬಿಎಟಿಯಲ್ಲಿ ಚೀನಾದ್ದೇ ಮೇಲುಗೈ. 2023ರ ನವೆಂಬರ್‌ನಿಂದ ಯೆಮೆನ್‌ನ ಹೌಥಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆಸಿದಾಗ ಹಡಗುಗಳು ಆಫ್ರಿಕಾದ ತುದಿ ಬಳಸಿ ಹೋಗತೊಡಗಿದವು. ಚೀನಾದಿಂದ ಚೆನ್ನೈಗೆ ಬರುವ ಸರಕು ಆ ದಾರಿಯಲ್ಲಿ ಇಲ್ಲವಲ್ಲ ಎನ್ನಬಹುದು. ಆದರೆ ಹಡಗು, ಕಂಟೇನರ್ ಹತ್ತು-ಹದಿನೈದು ದಿನ ಹೆಚ್ಚು ಸಮುದ್ರದಲ್ಲಿ ಸಿಕ್ಕಿಕೊಂಡರೆ ಉಳಿದ ದಾರಿಗಳಲ್ಲೂ ಅವುಗಳ ಕೊರತೆಯಾಗಿ ಬಾಡಿಗೆ ಏರುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ: ನಮ್ಮ ಆಮದು ಸುಂಕದ ಲೆಕ್ಕ ಸರಕಿನ ಬೆಲೆಯ ಜೊತೆ ಹಡಗು ಬಾಡಿಗೆ ಮತ್ತು ವಿಮೆಯನ್ನೂ ಸೇರಿಸಿಯೇ ಆಗುವುದು. ಬಾಡಿಗೆ ಏರಿದರೆ ಸುಂಕವೂ ಏರಿ, ಜಿಎಸ್‌ಟಿ ಅದರ ಮೇಲೆ ಕೂರುತ್ತದೆ. ಎಣ್ಣೆ ವ್ಯಾಪಾರದ ಊರಾದ ಚಳ್ಳಕೆರೆಗೆ ಇದು ಹೊಸತಲ್ಲ. 2022ರಲ್ಲಿ ಯುದ್ಧದಿಂದ ಉಕ್ರೇನ್ ಬಂದರುಗಳು ಮುಚ್ಚಿದಾಗ ಸೂರ್ಯಕಾಂತಿ ಎಣ್ಣೆಯ ಬೆಲೆ ಏನಾಯಿತು ಎಂಬುದು ಇಲ್ಲಿನ ಪ್ರತಿ ಅಂಗಡಿಗೂ ಗೊತ್ತು.

ಸಾಮಾನ್ಯ ಪ್ಲಾಸ್ಟಿಕ್ಕಿನ ಕಚ್ಚಾತೈಲವೂ ಹಡಗಿನಲ್ಲೇ ಬರುತ್ತದಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಒಮ್ಮೆ ಬಂದ ಪೆಟ್ ಗುಜರಿಯ ಮೂಲಕ ಮತ್ತೆ ಕಾರ್ಖಾನೆ ಸೇರಿ ಮುಂದಿನ ಆಮದನ್ನು ಅಷ್ಟರಮಟ್ಟಿಗೆ ತಗ್ಗಿಸುತ್ತದೆ. ಗೊಬ್ಬರವಾಗುವ ಚೀಲಕ್ಕೆ ಪ್ರತಿ ಸಲವೂ ಹೊಸ ಪ್ಲಾಸ್ಟಿಕ್ ಹರಳೇ ಬೇಕು. ಉತ್ತರ ಪ್ರದೇಶದ ಕುಂಭಿಯಲ್ಲಿ ಸಕ್ಕರೆ ಕಂಪನಿಯೊಂದು ಕಬ್ಬಿನಿಂದ ಪಿಎಲ್‌ಎ ಮಾಡುವ ಕಾರ್ಖಾನೆಗೆ ಕೈಹಾಕಿದೆ. ಅದು ಬೆಲೆಯ ಭಯವನ್ನು ತಗ್ಗಿಸಬಹುದು, ತಿಪ್ಪೆಯ ಸಮಸ್ಯೆಯನ್ನಲ್ಲ. ಒಂದು ಕಡೆ ಮಾತ್ರ ನಾನು ಈ ವಸ್ತುವಿನ ಪರ: ಟೊಮೆಟೊ, ಕಲ್ಲಂಗಡಿ ಸಾಲುಗಳಿಗೆ ಹಾಸುವ ಮಲ್ಚಿಂಗ್ ಶೀಟ್. ಹರಿದು ಮಣ್ಣಿಗೆ ಬೆರೆತ ತೆಳು ಹಾಳೆಯನ್ನು ಆಯ್ದು ತೆಗೆಯಲು ಯಾರಿಂದಲೂ ಆಗದು, ಹನಿ ನೀರಾವರಿಯಿಂದ ಅಲ್ಲಿ ತೇವವೂ ಇರುತ್ತದೆ. ಮಣ್ಣಿನಲ್ಲೇ ಕೊಳೆಯುತ್ತದೆಂದು ಪರೀಕ್ಷೆಯಾದ ಹಾಳೆಗೆ ಸಹಾಯಧನ ಕೊಟ್ಟರೆ ಆ ಹಣ ಸಾರ್ಥಕ. ಪೇಟೆಗಾದರೆ ಮೊದಲು ಹಸಿ ಕಸ ಬೇರೆ ಮಾಡುವ ವ್ಯವಸ್ಥೆ ಬೇಕು, ಸೀರೆಗೆ ಬಟ್ಟೆಯ ಚೀಲ ಬೇಕು, ಕಡಲೆಕಾಯಿ ಎಣ್ಣೆಗೆ ಮನೆಯಿಂದ ತಂದ ಡಬ್ಬಕ್ಕೆ ಅಳೆದು ಹಾಕುವ ಗಿರಣಿ ಬೇಕು. ಇವುಗಳಲ್ಲಿ ಯಾವುದಕ್ಕೂ ಬಂದರಿನ ಕಡೆ ನೋಡಿ ಕಾಯಬೇಕಿಲ್ಲ.