ತೂಲೋನ್ ಪಟ್ಟಣದ ಚಳಿಗಾಲ

ಹದಿನಾರನೆಯ ಶತಮಾನದ ಯೂರೋಪಿನ ಇತಿಹಾಸವೆಂದರೆ ಶಿಲುಬೆಗೂ ಅರ್ಧಚಂದ್ರಕ್ಕೂ ನಡೆದ ಹೋರಾಟವೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದು ಸುಳ್ಳೇನೂ ಅಲ್ಲ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಯಿತು. 1526ರಲ್ಲಿ ಸುಲ್ತಾನ್ ಸುಲೇಮಾನನು ಮೊಹಾಚ್ ಬಯಲಿನಲ್ಲಿ ಹಂಗೆರಿಯ ಸೈನ್ಯವನ್ನು ಧೂಳೀಪಟ ಮಾಡಿದನು. 1529ರಲ್ಲಿ ವಿಯೆನ್ನಾ ನಗರಕ್ಕೇ ಮುತ್ತಿಗೆ ಹಾಕಿದನು. ಆದರೆ ಈ ದೊಡ್ಡ ಕಡತದ ನಡುವೆ ಸಣ್ಣ ಕಾಗದವೊಂದಿದೆ. ವಾಚಕರು ಅದನ್ನೂ ನೋಡಬೇಕು.

ಫ್ರಾನ್ಸಿನ ದೊರೆ ಒಂದನೆಯ ಫ್ರಾನ್ಸಿಸನಿಗೆ 'ಪರಮ ಕ್ರೈಸ್ತ'ನೆಂದು ಬಿರುದು. ಆದರೆ ಅವನ ಕಡುವೈರಿ ಸುಲ್ತಾನನಲ್ಲ, ತನ್ನದೇ ಮತದ ಚಕ್ರವರ್ತಿ ಐದನೆಯ ಚಾರ್ಲ್ಸ್. ಒಂದು ಕಡೆ ಸ್ಪೇನು, ಇನ್ನೊಂದು ಕಡೆ ಜರ್ಮನಿ, ನೆದರ್ಲೆಂಡ್ಸ್. ನಡುವೆ ಫ್ರಾನ್ಸು ಅಡಕತ್ತರಿಗೆ ಸಿಕ್ಕ ಅಡಕೆಯಂತಾಗಿತ್ತು. 1525ರಲ್ಲಿ ಪಾವಿಯಾ ಕದನದಲ್ಲಿ ಫ್ರಾನ್ಸಿಸನು ಸೆರೆಸಿಕ್ಕಾಗ ಅವನ ತಾಯಿ ನೆರವು ಬೇಡಿ ದೂತರನ್ನು ಅಟ್ಟಿದ್ದು ಸುಲೇಮಾನನ ಆಸ್ಥಾನಕ್ಕೆ. ಶತ್ರುವಿನ ಶತ್ರು ಮಿತ್ರನೆಂಬ ನೀತಿ ಎಲ್ಲ ದೇಶಕ್ಕೂ ಒಂದೇ ಅಲ್ಲವೆ?

1543ರಲ್ಲಿ ತುರ್ಕಿ ನೌಕಾಧಿಪತಿ ಬಾರ್ಬರೋಸನೂ ಫ್ರೆಂಚರೂ ಕೂಡಿ ನೀಸ್ ಪಟ್ಟಣವನ್ನು ಹಿಡಿದರು. ಮೇಲಣ ದುರ್ಗ ಮಾತ್ರ ಬಗ್ಗಲಿಲ್ಲ. ಅಷ್ಟರಲ್ಲಿ ಚಳಿಗಾಲ ಸಮೀಪಿಸಿತು. ತುರ್ಕರ ಹಡಗುಗಳು ತಂಗಲು ಫ್ರಾನ್ಸಿಸನು ತನ್ನ ತೂಲೋನ್ ರೇವನ್ನೇ ಬಿಟ್ಟುಕೊಟ್ಟನು. ಮನೆಯ ಯಜಮಾನರ ಹೊರತು ಜನರು ಊರು ತೆರವು ಮಾಡಬೇಕೆಂದು ಹುಕುಂ ಹೊರಟಿತು. ಸುಮಾರು 30,000 ಮಂದಿ ಬಂದಿಳಿದರೆಂದು ಹೇಳುತ್ತಾರೆ. ಪಟ್ಟಣದ ದೊಡ್ಡ ಇಗರ್ಜಿಯಲ್ಲಿ ನಮಾಜು ನಡೆಯಿತು.

ಅರಸನ ಒಂದು ರುಜುವಿಗೆ ಸಂಸಾರಗಳು ಊರು ಬಿಡುವುದೆಂದರೇನೆಂದು, ವರ್ಗಾವಣೆಯ ಆಜ್ಞೆ ಬಂದೊಡನೆ ಪಾತ್ರೆಪಡಗ ಕಟ್ಟಿಕೊಂಡು ದೂರದೂರಿಗೆ ಬಂದ ನಮ್ಮಲ್ಲಿ ಹಲವರು ತುಸುಮಟ್ಟಿಗೆ ಬಲ್ಲರು. ನಮಗಾದರೋ ಪ್ರಯಾಣದ ಭತ್ಯವುಂಟು. ತೂಲೋನಿನವರಿಗೆ ದೊರೆತದ್ದು ಕೆಲವು ವರ್ಷಗಳ ಕಂದಾಯದ ಮಾಫಿ.

1544ರ ವಸಂತದಲ್ಲಿ ಹಡಗುಗಳು ಹೊರಟುಹೋದವು. ಅದೇ ಸೆಪ್ಟೆಂಬರಿನಲ್ಲಿ ಕ್ರೆಪಿಯಲ್ಲಿ ಚಾರ್ಲ್ಸನೊಡನೆ ಸಂಧಿ ಮಾಡಿಕೊಂಡ ಫ್ರಾನ್ಸಿಸನು, ತುರ್ಕರ ಮೇಲೆ ಯುದ್ಧಕ್ಕೆ ಸೈನ್ಯ ಕೊಡುವೆನೆಂದು ಮಾತುಕೊಟ್ಟನು! ಸುಲೇಮಾನನ ಕಡೆಯೂ ಹೀಗೆಯೇ: ಅವನು 1534ರಲ್ಲಿ ಬಾಗ್ದಾದನ್ನು ಗೆದ್ದುಕೊಂಡದ್ದು ತನ್ನಂತೆಯೇ ಮುಸಲ್ಮಾನರಾದ ಪರ್ಷಿಯದ ಸಫವಿ ದೊರೆಗಳಿಂದ.

ಮತಕ್ಕಾಗಿ ಮನಃಪೂರ್ವಕ ಪ್ರಾಣಕೊಟ್ಟವರು ಎರಡು ಪಕ್ಷದಲ್ಲಿಯೂ ಇದ್ದರು. ಅವರನ್ನು ಹಗುರವಾಗಿ ಕಾಣಬಾರದು. ಆದರೆ ಮಕ್ಕಳು ಪಾಠಪುಸ್ತಕ ತಂದು ಆ ಯುದ್ಧಗಳ ವಿಷಯ ಕೇಳಿದಾಗ, ಗೆದ್ದವರ ಸೋತವರ ಹೆಸರಿನೊಂದಿಗೆ ತೂಲೋನಿನ ಆ ಬರಿದಾದ ಮನೆಗಳ ಸುದ್ದಿಯನ್ನೂ ಹೇಳಿರಿ.